ಮನೆ ಕೊಳ್ಳುವ ಮುನ್ನ ಮನೆಯನ್ನು ನೋಡಿದಿರಾ?

ಹುಬ್ಬಳ್ಳಿಯ ಜನತಾ ಬಜಾರಿನಲ್ಲಿ ಅರ್ಧ ಕಿಲೋ ಬದನೆಕಾಯಿ ಕೊಳ್ಳುವಾಗ ನಾವು ಒಂದೊಂದನ್ನೂ ತಿರುಗಿಸಿ ಹುಳುಕು ಇದೆಯೇ ಎಂದು ನೋಡುತ್ತೇವೆ. ದುರ್ಗದ ಬೈಲಿನಲ್ಲಿ ಮಕ್ಕಳ ಬಟ್ಟೆ ಕೊಳ್ಳುವಾಗ ಹೊಲಿಗೆ ಎಳೆದು ನೋಡುತ್ತೇವೆ. ಬಣ್ಣ ಹೋಗುತ್ತದೆಯೇ ಎಂದು ಎರಡು ಸಲ ಕೇಳುತ್ತೇವೆ. ಆದರೆ ಜೀವಮಾನದ ದುಡಿಮೆಯನ್ನೆಲ್ಲ ಸುರಿದು ಮನೆ ಕೊಳ್ಳುವಾಗ? ಹೆಚ್ಚಿನವರು ಆ ಮನೆಯೊಳಗೆ ನಿಂತಿರುವುದು ಒಟ್ಟು ಇಪ್ಪತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಮಾಲೀಕರು ಕೊಟ್ಟ ಚಹಾ ಕುಡಿಯುವುದರಲ್ಲಿ ಹೋಗಿರುತ್ತದೆ.

ನಮ್ಮ ಸಂಬಂಧಿಕರ ಕುಟುಂಬವೊಂದರಲ್ಲಿ ನಡೆದದ್ದನ್ನು ಹೇಳುತ್ತೇನೆ. ಮನೆಯ ಯಜಮಾನರು ಹನ್ನೊಂದು ವರ್ಷ ಗಲ್ಫ್‌ನಲ್ಲಿ ದುಡಿದವರು. ಅವರ ಪತ್ನಿ ಮೂರು ಮಕ್ಕಳನ್ನು ಕಟ್ಟಿಕೊಂಡು ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದವರು. ಕೊನೆಗೊಂದು ಅಕ್ಟೋಬರಿನಲ್ಲಿ ಹೊಸ ಬಡಾವಣೆಯೊಂದರಲ್ಲಿ ಆರು ವರ್ಷದ ಹಳೆಯ ಮನೆಯೊಂದು ಸಿಕ್ಕಿತು. ಹೊಸದಾಗಿ ಬಣ್ಣ ಹೊಡೆದಿದ್ದರು, ನೆಲ ಫಳಫಳ ಹೊಳೆಯುತ್ತಿತ್ತು. ಕಾಗದಪತ್ರಗಳನ್ನು ವಕೀಲರು ನೋಡಿ ಸರಿಯಾಗಿವೆ ಎಂದರು. ಆಕೆಯ ಬಂಗಾರವೂ ಸೇರಿ ಇದ್ದದ್ದೆಲ್ಲ ಅದಕ್ಕೇ ಹೋಯಿತು. ಏಪ್ರಿಲ್ ಬರುವ ಹೊತ್ತಿಗೆ ಮಲಗುವ ಕೋಣೆಯ ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಒಂದು ಬಿರುಕು ಎದ್ದಿತ್ತು. ಮೇ ತಿಂಗಳಲ್ಲಿ ಅದರೊಳಗೆ ಒಂದು ರೂಪಾಯಿಯ ನಾಣ್ಯ ಹೋಗುತ್ತಿತ್ತು. ಹಿತ್ತಲ ಬಾಗಿಲು ಹಾಕಲು ಬರದಂತಾಯಿತು. ಆಕೆ ಫೋನಿನಲ್ಲಿ ಅತ್ತದ್ದು ನನಗೆ ಇನ್ನೂ ನೆನಪಿದೆ.

ಆ ಮನೆ ನೋಡಲು ಕರೆಸಿದ ಮುದಿ ಮೇಸ್ತ್ರಿ ಗೋಡೆಯನ್ನು ನೋಡುವ ಮೊದಲೇ ಅಂಗಳದ ಮಣ್ಣನ್ನು ಕಾಲಿನಿಂದ ಕೆದರಿ, "ಎರಿ ನೆಲಾ ಬ್ಯಾಸಗ್ಯಾಗ ಬಾಯಿ ಬಿಡ್ತೈತ್ರೀ ಆಪಾ, ಮಳಿಗಾಲದಾಗ ಬಾಯಿ ಮುಚ್ಚತೈತಿ. ನೀವು ಅದು ಬಾಯಿ ಮುಚ್ಚಿದಾಗ ಬಂದು ಮನಿ ನೋಡೀರಿ" ಎಂದರು.

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕೊಳ್ಳುವವರು ತಿಳಿದಿರಬೇಕಾದ ಮೊದಲ ವಿಷಯವೇ ಇದು. ಎರಡೂ ಊರುಗಳ ನಡುವೆ ಇಪ್ಪತ್ತು ಕಿಲೋಮೀಟರ್ ಅಂತರ. ದಶಕಗಳ ಕಾಲ ಒಂದೇ ಮಹಾನಗರ ಪಾಲಿಕೆಯಡಿ ಇದ್ದ ಊರುಗಳು ಇವು. ಆದರೆ ನೆಲ ಒಂದೇ ಅಲ್ಲ. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ, ಅಲ್ಲಿ ಬಹುಪಾಲು ಕೆಂಪು ಮಸಾರಿ ಮಣ್ಣು. ಪೂರ್ವಕ್ಕೆ ಹುಬ್ಬಳ್ಳಿ ದಾಟಿ ನವಲಗುಂದ, ಕುಂದಗೋಳದ ಕಡೆಗೆ ಹೋದಂತೆ ಹತ್ತಿ ಬೆಳೆಯುವ ಕಪ್ಪು ಎರೆ ಭೂಮಿ. ನಡುವೆ ಎಲ್ಲಿ ಯಾವುದು ಎಂಬುದಕ್ಕೆ ಗೆರೆ ಎಳೆದಿಲ್ಲ. ಒಂದೇ ಬಡಾವಣೆಯ ಈ ಓಣಿಯಲ್ಲಿ ಗರಸು ಸಿಕ್ಕರೆ ಆಚೆ ಓಣಿಯಲ್ಲಿ ಎರೆ ಇರಬಹುದು.

ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲಗಳಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುವುದನ್ನು ನೀವೂ ನೋಡಿರುತ್ತೀರಿ. ಅದೇ ನೆಲ ನಿಮ್ಮ ಮನೆಯ ಕೆಳಗೂ ಇದೆ. ಇಡೀ ಮನೆ ಸಮನಾಗಿ ಏರಿ ಇಳಿದರೆ ತೊಂದರೆ ಕಡಿಮೆ. ಆದರೆ ಮನೆಯ ನಡುಭಾಗದ ಮಣ್ಣು ಹಸಿಯಾಗಿಯೇ ಇರುತ್ತದೆ, ಅಂಚಿನದು ಒಣಗುತ್ತದೆ. ಬಚ್ಚಲಿನ ಮೂಲೆ ಉಬ್ಬುತ್ತದೆ, ಮರವಿರುವ ಮೂಲೆ ಕುಸಿಯುತ್ತದೆ. ಆಗ ಗೋಡೆ ಸೀಳುತ್ತದೆ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಎರೆಯನ್ನು ಅಗೆದು ತೆಗೆದು ಗರಸು ತುಂಬಿ ಅದರ ಮೇಲೆ ಅಡಿಪಾಯ ಹಾಕುತ್ತಾರೆ. ಅಡಿಪಾಯವನ್ನು ಗಟ್ಟಿ ನೆಲದವರೆಗೆ ಇಳಿಸುತ್ತಾರೆ. ಪ್ಲಿಂತ್ ಬೀಮ್ ಹಾಕಿ ಎಲ್ಲ ಕಂಬಗಳನ್ನು ಬಿಗಿಯುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಗೂಟಗಳ ಪದ್ಧತಿಯನ್ನು ರೂಪಿಸಿತು. ಇವುಗಳನ್ನು ಅಂಡರ್ ರೀಮ್ಡ್ ಪೈಲ್ ಎನ್ನುತ್ತಾರೆ. ಹವಾಮಾನಕ್ಕೆ ತಕ್ಕಂತೆ ಮಣ್ಣು ಉಬ್ಬಿ ಕುಗ್ಗುವ ಪದರವನ್ನು ದಾಟಿ, ಸಾಮಾನ್ಯವಾಗಿ ಸುಮಾರು ಮೂರೂವರೆ ಮೀಟರ್ ಆಳಕ್ಕೆ ಅವು ಇಳಿಯುತ್ತವೆ. ಕೊಳ್ಳುವವರಾಗಿ ನೀವು ಮಾಲೀಕರನ್ನು ಕೇಳಬೇಕಾದ ಪ್ರಶ್ನೆ ಸರಳ: "ಅಡಿಪಾಯ ಎಷ್ಟು ಆಳ? ಕೆಳಗೆ ಏನು ಸಿಕ್ಕಿತ್ತು? ಕಟ್ಟುವಾಗಿನ ಫೋಟೋ ಇದೆಯೇ?" ಸ್ವಂತಕ್ಕಾಗಿ ಕಟ್ಟಿಸಿದವರು ಇದನ್ನು ಮರೆಯುವುದಿಲ್ಲ, ಅಡಿಪಾಯದ ದಿನದ ಫೋಟೋ ಸಹ ಇಟ್ಟಿರುತ್ತಾರೆ. ಮಾರುವುದಕ್ಕೆಂದೇ ಕಟ್ಟಿದವರು ಮಾತು ಬದಲಿಸಿದರೆ ಅದೂ ಒಂದು ಉತ್ತರವೇ.

ಗೋಡೆ ಓದುವುದು ಹೇಗೆ?

ಬಿರುಕು ಕಂಡ ಕೂಡಲೇ ಹೆದರಬೇಕಾಗಿಲ್ಲ. ಬಿರುಕಿಲ್ಲದ ಮನೆ ನಮ್ಮ ಕಡೆ ಇಲ್ಲವೆಂದರೂ ನಡೆದೀತು. ಗಿಲಾಯಿಯ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಗೆರೆಗಳು ಸಿಮೆಂಟ್ ಬೇಗ ಒಣಗಿದ್ದರಿಂದ ಆದವು. ಕಾಂಕ್ರೀಟ್ ಕಂಬವೂ ಇಟ್ಟಿಗೆಯೂ ಸೇರುವಲ್ಲಿ ನೇರವಾದ ಲಂಬ ಗೆರೆ ಇದ್ದರೆ ಅಲ್ಲಿ ಜಾಲರಿ ಹಾಕದೆ ಗಿಲಾಯಿ ಮಾಡಿದ್ದಾರೆ ಎಂದರ್ಥ. ಮೇಲಿನ ಮಹಡಿಯಲ್ಲಿ ಗೋಡೆಗೂ ಸ್ಲ್ಯಾಬಿಗೂ ನಡುವೆ ಅಡ್ಡ ಗೆರೆ ಇದ್ದರೆ ಸಾಮಾನ್ಯವಾಗಿ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿದ ಗುರುತು. ಇವು ನೋಡಲು ಚೆನ್ನಾಗಿಲ್ಲದಿದ್ದರೂ ಮನೆಗೆ ಅಪಾಯ ತರುವುದು ಅಪರೂಪ.

ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟು, ಮೆಟ್ಟಿಲಿನಂತೆ ಇಟ್ಟಿಗೆಯ ಸಂದುಗಳನ್ನು ಹಿಡಿದು ಏರುವ ಬಿರುಕು ಬೇರೆ ಜಾತಿಯದು. ಅದು ಅಡಿಪಾಯ ಅಲುಗಿದೆ ಎನ್ನುತ್ತದೆ. ಒಳಗೆ ಕಂಡ ಬಿರುಕು ಹೊರಗಿನಿಂದಲೂ ಅದೇ ಜಾಗದಲ್ಲಿ ಕಂಡರೆ ಅದು ಗೋಡೆಯನ್ನೇ ಸೀಳಿದೆ. ಒಂದು ತುದಿ ಕಿರಿದಾಗಿ ಇನ್ನೊಂದು ತುದಿ ಅಗಲವಾಗಿದ್ದರೆ ಅದರ ಚಿತ್ರ ತೆಗೆದು ಇಂಜಿನಿಯರಿಗೆ ತಪ್ಪದೆ ತೋರಿಸಿ. ಕಂಬ ಮತ್ತು ಬೀಮಿನ ಮೇಲಿನ ಬಿರುಕನ್ನಂತೂ ಯಾರ ಮಾತು ಕೇಳಿಯೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಹೊಸ ಬಣ್ಣ ಇವುಗಳನ್ನೆಲ್ಲ ಮುಚ್ಚುತ್ತದೆ. ಆದರೆ ಬಣ್ಣ ಹೊಡೆಯದ ಸಾಕ್ಷಿಗಳು ಮನೆಯ ಸುತ್ತಲೂ ಇರುತ್ತವೆ. ಕಾಂಪೌಂಡ್ ಗೋಡೆಯನ್ನು ನೋಡಿ. ಅದರ ಅಡಿಪಾಯ ಆಳವಿರುವುದಿಲ್ಲ, ಹಾಗಾಗಿ ನೆಲ ಕೆಟ್ಟದ್ದಾಗಿದ್ದರೆ ಮೊದಲು ವಾಲುವುದು ಅದೇ. ಗೋಡೆಯ ಬುಡಕ್ಕೂ ಅಂಗಳದ ಫರಸಿಗೂ ನಡುವೆ ಸಂದು ಬಿಟ್ಟಿದೆಯೇ ನೋಡಿ. ಬಾಗಿಲುಗಳನ್ನು ಒಂದೊಂದಾಗಿ ಹಾಕಿ ತೆಗೆಯಿರಿ. ಬಾಗಿಲಿನ ಮೇಲಂಚನ್ನು ಇತ್ತೀಚೆಗೆ ಕೆತ್ತಿದ ಗುರುತಿದ್ದರೆ ಚೌಕಟ್ಟು ಸೊಟ್ಟಗಾಗಿದೆ ಎಂದು ತಿಳಿಯಿರಿ. ಮಗುವಿನ ಕೈಯಲ್ಲಿ ಒಂದು ಗೋಲಿ ಕೊಟ್ಟು ಪ್ರತಿ ಕೋಣೆಯಲ್ಲೂ ಬಿಡಲು ಹೇಳಿ. ಬಚ್ಚಲಿನಲ್ಲಿ ಅದು ಉರುಳಿ ತೂತಿನ ಕಡೆ ಹೋಗಬೇಕು, ಮಲಗುವ ಕೋಣೆಯಲ್ಲಿ ಇಟ್ಟಲ್ಲೇ ನಿಲ್ಲಬೇಕು. ಹಲವು ಮನೆಗಳಲ್ಲಿ ಇದು ತಿರುವುಮುರುವಾಗಿರುತ್ತದೆ! ಅಕ್ಕಪಕ್ಕದ ಮನೆಯವರೊಡನೆ ನಾಲ್ಕು ಮಾತಾಡಿ. ಪಕ್ಕದ ಮನೆಯ ಗೋಡೆ ಬಿರಿದಿದ್ದರೆ ನೀವು ನೋಡುತ್ತಿರುವ ಮನೆಯೂ ಅದೇ ನೆಲದ ಮೇಲೆ ನಿಂತಿದೆ.

ಸಾಧ್ಯವಾದರೆ ಮನೆಯನ್ನು ಎರಡು ಸಲ ನೋಡಿ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಒಮ್ಮೆ, ಜುಲೈಯಲ್ಲಿ ಎರಡು ದಿನ ಜಡಿಮಳೆ ಹೊಡೆದ ಮೇಲೆ ಒಮ್ಮೆ. ಬೇಸಿಗೆ ಬಿರುಕನ್ನು ತೋರಿಸುತ್ತದೆ, ಮಳೆ ಸೋರಿಕೆಯನ್ನು ತೋರಿಸುತ್ತದೆ. ಅಷ್ಟು ಕಾಯಲು ಮಾರುವವರು ಬಿಡುವುದಿಲ್ಲ ಎನ್ನುತ್ತೀರಾ? ಹಾಗಿದ್ದರೆ ಬೇಸಿಗೆಯಲ್ಲಿ ಹೋದವರು ಸೂರನ್ನೂ ಮಳೆಗಾಲದಲ್ಲಿ ಹೋದವರು ಗೋಡೆಯನ್ನೂ ಇಮ್ಮಡಿ ಎಚ್ಚರದಿಂದ ನೋಡಿ.

ನೀರು ಎಂಬ ಕಳ್ಳ

ನಮ್ಮ ಊರುಗಳಲ್ಲಿ ನೀರಿನ ಕಥೆ ಎಲ್ಲರಿಗೂ ಗೊತ್ತು. ಮಲಪ್ರಭಾ ನದಿಯ ನೀರು ಸವದತ್ತಿಯ ಕಡೆಯಿಂದ ಬರಬೇಕು. 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರತೊಡಗಿದಾಗ ಉಳಿದವರು ಅಸೂಯೆಯಿಂದ ನೋಡಿದ್ದುಂಟು. ಹಲವು ದಿನಗಳಿಗೊಮ್ಮೆ ನೀರು ಬರುತ್ತಿದ್ದ ಬಡಾವಣೆಗಳಲ್ಲಿ ದೊಡ್ಡ ನೆಲತೊಟ್ಟಿ ಇಲ್ಲದೆ ಸಂಸಾರ ನಡೆಯುತ್ತಿರಲಿಲ್ಲ. ಈ ನೆಲತೊಟ್ಟಿ ಮನೆಗೆ ಅಂಟಿಕೊಂಡೇ ಇರುತ್ತದೆ, ಕೆಲವೆಡೆ ಪಡಸಾಲೆಯ ಕೆಳಗೇ ಇರುತ್ತದೆ. ಅದು ಸೋರಿದರೆ ನೀರು ಹೋಗುವುದು ನೇರವಾಗಿ ಅಡಿಪಾಯದ ಎರೆ ಮಣ್ಣಿಗೆ.

ಆದ್ದರಿಂದ ತೊಟ್ಟಿಯ ಮುಚ್ಚಳ ತೆಗೆಸಿ ಟಾರ್ಚ್ ಹಾಕಿ ನೋಡಿ. ಬೇರುಗಳು ಒಳಗೆ ಇಳಿದಿವೆಯೇ? ಗಿಲಾಯಿ ಉದುರಿದೆಯೇ? ಸಂಜೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ರಾತ್ರಿ ಪಂಪ್ ಹಾಕಬೇಡಿರೆಂದು ಕೇಳಿಕೊಂಡು, ಬೆಳಗ್ಗೆ ಹೋಗಿ ನೋಡಿದರೆ ಸೋರಿಕೆ ಗೊತ್ತಾಗಿಬಿಡುತ್ತದೆ. ಶೌಚದ ಗುಂಡಿ ತೊಟ್ಟಿಯಿಂದ ಎಷ್ಟು ದೂರವಿದೆ ಎಂದು ಕೇಳಲು ಸಂಕೋಚ ಬೇಡ. ಹೊಸ ಬಡಾವಣೆಯಾದರೆ ಒಳಚರಂಡಿ ಸಂಪರ್ಕ ನಿಜವಾಗಿಯೂ ಆಗಿದೆಯೇ ಎಂದು ಕೇಳಿ. ಎರೆ ಮಣ್ಣು ನೀರನ್ನು ಬೇಗ ಹೀರುವುದಿಲ್ಲ. ಅಂಥಲ್ಲಿ ಇಂಗುಗುಂಡಿಯನ್ನೇ ನಂಬಿದ ಮನೆ ಮಳೆಗಾಲದಲ್ಲಿ ಪರದಾಡುತ್ತದೆ.

ಬಚ್ಚಲಿನ ಗೋಡೆಯ ಹಿಂಬದಿಯಲ್ಲಿ ಯಾವ ಕೋಣೆಯಿದೆಯೋ ಅಲ್ಲಿಗೆ ಹೋಗಿ ಗೋಡೆಗೆ ಅಂಗೈ ಇಟ್ಟು ನೋಡಿ. ತಂಪು ತಟ್ಟಿದರೆ, ಬಿಳಿ ಪುಡಿ ಉದುರಿದರೆ ಒಳಗೆ ಪೈಪ್ ಸೋರುತ್ತಿದೆ. ನೆಲದಿಂದ ಮೊಣಕಾಲೆತ್ತರದವರೆಗೆ ಎಲ್ಲ ಗೋಡೆಗಳಲ್ಲೂ ಬಣ್ಣ ಎದ್ದಿದ್ದರೆ ನೆಲದ ತೇವ ಮೇಲೇರುತ್ತಿದೆ, ಇದು ಬಣ್ಣದಿಂದ ವಾಸಿಯಾಗುವ ರೋಗವಲ್ಲ. ಮಲಗುವ ಕೋಣೆಯ ಗೋಡೆಗೆ ಸೊಂಟದೆತ್ತರಕ್ಕೆ ಟೈಲ್ಸ್ ಅಥವಾ ಹಲಗೆ ಹೊಡೆದಿದ್ದರೆ ಅದು ಅಲಂಕಾರವೇ ಅಥವಾ ಮುಚ್ಚಿಡುವ ಉಪಾಯವೇ ಎಂದು ಯೋಚಿಸಿ. ದೊಡ್ಡ ಕಪಾಟನ್ನು ಸ್ವಲ್ಪ ಸರಿಸಲು ಹೇಳುವುದು ಅಸಭ್ಯತೆಯಲ್ಲ.

ತಾರಸಿಗೆ ಹತ್ತದೆ ಬರಬೇಡಿ. ನೀರು ನಿಂತ ಕಲೆ, ಕಪ್ಪು ಪಾಚಿ, ನೀರಿನ ಟ್ಯಾಂಕಿನ ಕೆಳಗಿನ ಬಿರುಕು ಇವೆಲ್ಲ ಅಲ್ಲಿ ಕಾಣುತ್ತವೆ. ಕೆಳಗಿಳಿದು ಸೂರನ್ನು ನೋಡಿ. ಕಾಂಕ್ರೀಟಿನಿಂದ ಕಂದು ಬಣ್ಣದ ಕಲೆ ಇಳಿದಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ತುಕ್ಕು ಹಿಡಿದ ಸರಳು ಉಬ್ಬಿ, ಕಾಂಕ್ರೀಟನ್ನು ಹೆಕ್ಕಳಿಕೆಯಂತೆ ಕೆಳಗೆ ಉದುರಿಸುತ್ತದೆ. ಮಾಲೀಕರು ಒಪ್ಪಿದರೆ, ಇಂಜಿನಿಯರ್ ಸರಿ ಎಂದರೆ, ತಾರಸಿಯ ತೂತುಗಳನ್ನು ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ ಒಂದು ದಿನ ಬಿಟ್ಟು ನೋಡುವ ಪದ್ಧತಿಯೂ ಇದೆ. ಹಳೇ ಹುಬ್ಬಳ್ಳಿಯ ಮಣ್ಣಿನ ಮಾಳಿಗೆ ಮನೆಗಳಿಗೆ ಮಾತ್ರ ಈ ಪರೀಕ್ಷೆ ಬೇಡ. ಅಂಥ ಮನೆಯಲ್ಲಿ ನೋಡಬೇಕಾದದ್ದು ತೊಲೆ, ಜಂತಿಗಳು ಗೋಡೆಯೊಳಗೆ ಹೋಗುವ ತುದಿಗಳನ್ನು. ಸ್ಕ್ರೂಡ್ರೈವರಿನಿಂದ ಚುಚ್ಚಿದಾಗ ಕಟ್ಟಿಗೆ ಒಳಗೆ ಹೋದರೆ ಗೆದ್ದಲು ಊಟ ಮುಗಿಸಿದೆ ಎಂದೇ ಅರ್ಥ.

ವಿದ್ಯುತ್ತಿನ ವಿಷಯದಲ್ಲಿ ನೀವೇ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆದುಕೊಂಡು ಹೋಗಿ. ಅರ್ಥಿಂಗ್ ನಿಜವಾಗಿ ಕೆಲಸ ಮಾಡುತ್ತಿದೆಯೇ, ಶಾಕ್ ಹೊಡೆದಾಗ ಕರೆಂಟ್ ಕಡಿಯುವ ಸಾಧನ ಇದೆಯೇ, ಗೀಸರಿಗೆ ಎಳೆದ ವೈರ್ ಲೈಟಿನ ವೈರಿನಷ್ಟೇ ತೆಳುವಾಗಿದೆಯೇ ಎಂದು ಆತ ಅರ್ಧ ಗಂಟೆಯಲ್ಲಿ ಹೇಳುತ್ತಾನೆ. ಹೆಸ್ಕಾಂ ಬಿಲ್ಲು ಬಾಕಿ ಇದೆಯೇ ಎಂಬುದನ್ನೂ ಅದೇ ದಿನ ನೋಡಿಬಿಡಿ.

ಹೊಸ ಕಟ್ಟಡವಾದರೆ?

ಹೊಸದಕ್ಕೆ ತಪಾಸಣೆ ಏಕೆ ಎನ್ನುವವರು 2019ರ ಮಾರ್ಚ್ 19ನ್ನು ನೆನಪಿಸಿಕೊಳ್ಳಬೇಕು. ಅಂದು ಮಧ್ಯಾಹ್ನ ಧಾರವಾಡದ ಕುಮಾರೇಶ್ವರ ನಗರದಲ್ಲಿ ಬಹುಮಹಡಿ ಕಟ್ಟಡವೊಂದು ಕುಸಿದು 19 ಮಂದಿ ಸತ್ತರು. ಅದು ಹಳೆಯ ಕಟ್ಟಡವಾಗಿರಲಿಲ್ಲ, ಇನ್ನೂ ಕಟ್ಟುತ್ತಲೇ ಇದ್ದರು. ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು. ದಿನಗಟ್ಟಲೆ ಅವಶೇಷಗಳನ್ನು ಸರಿಸಿ ಜನರನ್ನು ಹುಡುಕಿದ ಆ ವಾರವನ್ನು ಈ ಊರಿನವರು ಮರೆತಿಲ್ಲ.

ಮಹಡಿಗಳ ಲೆಕ್ಕ ಬಹಳ ಮುಖ್ಯ. ಎಷ್ಟು ಅಂತಸ್ತಿಗೆ ಪಾಲಿಕೆಯ ಅನುಮತಿ ಸಿಕ್ಕಿದೆ, ಎಷ್ಟು ಅಂತಸ್ತಿಗೆ ಅಡಿಪಾಯ ಹಾಕಿದೆ, ಈಗ ನಿಂತಿರುವುದು ಎಷ್ಟು, ಈ ಮೂರೂ ಒಂದೇ ಆಗಿರಬೇಕು. ಮುಂದೆ ಮಗನ ಮದುವೆಯ ಹೊತ್ತಿಗೆ ಮೇಲೊಂದು ಮಹಡಿ ಏರಿಸಿಕೊಳ್ಳೋಣ ಎಂದು ಮನೆ ಕೊಳ್ಳುವವರು ನಮ್ಮಲ್ಲಿ ಅನೇಕರು. ಕಂಬಗಳಿಲ್ಲದೆ ಗೋಡೆಯ ಮೇಲೆಯೇ ಭಾರ ಹೊತ್ತ ಮನೆಯಾದರೆ ಆ ಆಸೆಯನ್ನು ಇಂಜಿನಿಯರಿಗೆ ಮೊದಲೇ ಹೇಳಿ, ಆಮೇಲೆ ಅಲ್ಲ.

2016ರ ರೇರಾ ಕಾನೂನಿನಲ್ಲಿ ಒಂದು ಒಳ್ಳೆಯ ರಕ್ಷಣೆಯಿದೆ. ಮನೆ ವಶಕ್ಕೆ ಬಂದ ಐದು ವರ್ಷಗಳೊಳಗೆ ರಚನೆಯ ಅಥವಾ ಕೆಲಸದ ದೋಷವನ್ನು ತಿಳಿಸಿದರೆ ಬಿಲ್ಡರ್ ಮೂವತ್ತು ದಿನಗಳಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಆದರೆ 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟು ಮೀರದ ಮನೆಗಳ ಯೋಜನೆಗೆ ಈ ಕಾನೂನಿನಡಿ ನೋಂದಣಿ ಕಡ್ಡಾಯವಲ್ಲ. ನಮ್ಮ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ನಿವೇಶನದಲ್ಲಿ ಒಂದೊಂದೇ ಮನೆ ಕಟ್ಟಿ ಮಾರುವವರೇ ಹೆಚ್ಚು. ಆ ನಿವೇಶನ 112 ಚದರ ಮೀಟರ್ ಕೂಡ ಆಗುವುದಿಲ್ಲ. ಹಳೆಯ ಮನೆಯನ್ನು ಅದರ ಮಾಲೀಕರಿಂದಲೇ ಕೊಂಡರಂತೂ ಬಿಲ್ಡರ್ ಎಂಬವನೇ ನಡುವೆ ಇಲ್ಲ.

ಆಗ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಸೆಕ್ಷನ್. ಮಾರುವವನಿಗೆ ಗೊತ್ತಿರುವ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು ಎನ್ನುತ್ತದೆ ಅದು. ಇದನ್ನು ಎರಡು ಸಲ ಓದಿ. ಸಾಮಾನ್ಯ ಎಚ್ಚರದಿಂದ ಕಾಣಬಹುದಾಗಿದ್ದ ದೋಷವನ್ನು ನೀವು ನೋಡದಿದ್ದರೆ ಅದರ ಹೊಣೆ ನಿಮ್ಮದೇ ಎಂದಾಯಿತು.

ಮಾರುವವರ ಹೊಣೆಯ ಬಗ್ಗೆ ನಮಗೆ ಇದಕ್ಕಿಂತ ಹಳೆಯ ಪಾಠವೊಂದಿದೆ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿಯವರು(ಸ) ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಮಳೆಯಿಂದ ನೆನೆಯಿತು ಎಂದ ವ್ಯಾಪಾರಿಗೆ, ನೆನೆದುದನ್ನು ಜನರಿಗೆ ಕಾಣುವಂತೆ ಮೇಲೆಯೇ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ದೋಷ ಮುಚ್ಚಿಟ್ಟು ಮಾರಿದ ವಸ್ತುವನ್ನು ಹಿಂದಿರುಗಿಸುವ ಹಕ್ಕನ್ನು ಫಿಕ್ಹ್ ವಿದ್ವಾಂಸರು ಖಿಯಾರುಲ್ ಐಬ್ ಎಂದು ಕರೆಯುತ್ತಾರೆ. ಬಿರುಕಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಒದ್ದೆ ಧಾನ್ಯದ ಮೇಲೆ ಒಣ ಧಾನ್ಯ ಸುರಿಯುವುದಕ್ಕಿಂತ ಹೇಗೆ ಬೇರೆ? ನೀವು ಮನೆ ಮಾರುವವರಾಗಿದ್ದರೂ ಈ ಪ್ರಶ್ನೆಯನ್ನು ಕೇಳಿಕೊಳ್ಳಿ.

ಇನ್ನು ತಪಾಸಣೆ ಮಾಡುವವರು ಯಾರು? ಅಮೆರಿಕದಂಥ ದೇಶಗಳಲ್ಲಿ ಇದೇ ವೃತ್ತಿಯಾಗಿರುವ ಜನರಿದ್ದಾರೆ. ನಮ್ಮ ಊರಿನಲ್ಲಿ ಅದನ್ನು ಮಾಡಬಲ್ಲವರು ಸಿವಿಲ್ ಇಂಜಿನಿಯರುಗಳು, ಅದರಲ್ಲೂ ಕಟ್ಟಡದ ಭಾರ ಲೆಕ್ಕ ಹಾಕುವ ಸ್ಟ್ರಕ್ಚರಲ್ ಇಂಜಿನಿಯರುಗಳು. ಸಂದೇಹ ದೊಡ್ಡದಾದರೆ ಕಾಂಕ್ರೀಟಿಗೆ ಪೆಟ್ಟು ಕೊಟ್ಟು ಗಟ್ಟಿತನ ಅಳೆಯುವ ರಿಬೌಂಡ್ ಹ್ಯಾಮರ್ ಪರೀಕ್ಷೆಯಿದೆ. ಇಂಜಿನಿಯರಿಂಗ್ ಕಾಲೇಜುಗಳಿಗೆ ನಮ್ಮ ಅವಳಿ ನಗರದಲ್ಲಿ ಕೊರತೆಯಿಲ್ಲ, ಅವುಗಳ ಸಿವಿಲ್ ವಿಭಾಗಗಳಲ್ಲಿ ವಿಚಾರಿಸಬಹುದು. ಜೊತೆಗೆ ಅದೇ ಬಡಾವಣೆಯಲ್ಲಿ ಮನೆಗಳನ್ನು ಕಟ್ಟಿದ ಹಳೆಯ ಮೇಸ್ತ್ರಿಯನ್ನೂ ಕರೆದೊಯ್ಯಿರಿ. ಮಣ್ಣಿನ ಗುಣ ಅವನಷ್ಟು ಯಾರಿಗೂ ಗೊತ್ತಿರುವುದಿಲ್ಲ. ಆದರೆ ಮಾರುವವರೋ ದಲ್ಲಾಳಿಯೋ ತೋರಿಸಿದ ಇಂಜಿನಿಯರ್ ಬೇಡ. ಬ್ಯಾಂಕಿನಿಂದ ಬಂದು ಬೆಲೆ ಕಟ್ಟಿ ಹೋಗುವವರ ವರದಿಯನ್ನೂ ತಪಾಸಣೆ ಎಂದುಕೊಳ್ಳಬೇಡಿ. ಅವರು ನೋಡುವುದು ಕೊಟ್ಟ ಸಾಲಕ್ಕೆ ಆ ಮನೆ ಸಾಕೇ ಎಂಬುದನ್ನು, ನೀವು ಅದರಲ್ಲಿ ನೆಮ್ಮದಿಯಿಂದ ನಿದ್ರಿಸಬಲ್ಲಿರೇ ಎಂಬುದನ್ನಲ್ಲ.

ಸಹೋದರಿಯರಿಗೆ ಒಂದು ಮಾತು. ನಮ್ಮಲ್ಲಿ ಮನೆ ನೋಡಲು ಗಂಡಸರು ಹೋಗುತ್ತಾರೆ, ಉತಾರ ನೋಡುತ್ತಾರೆ, ಸಿಟಿ ಸರ್ವೆ ನಂಬರ್ ನೋಡುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ. ಅದೆಲ್ಲ ಬೇಕೇ ಬೇಕು. ಆದರೆ ದಿನದ ಹದಿನಾರು ಗಂಟೆ ಆ ಗೋಡೆಗಳ ನಡುವೆ ಇರುವವರು ನೀವು. ಅಡುಗೆಮನೆಯ ನೀರು ಎಲ್ಲಿ ಹೋಗುತ್ತದೆ, ಮಗು ಮಲಗುವ ಗೋಡೆ ಒದ್ದೆಯಾಗಿದೆಯೇ ಎಂದು ಮೊದಲು ಕಣ್ಣಿಗೆ ಬೀಳುವುದು ನಿಮಗೇ. ಸಂಚಕಾರ ಕೊಡುವ ಮುನ್ನ ನೀವೂ ಹೋಗಿ.

ಆ ಸಂಚಕಾರ ಪತ್ರದಲ್ಲೇ ಒಂದು ಸಾಲು ಬರೆಸಬೇಕು. ಇಂತಿಷ್ಟು ದಿನಗಳೊಳಗೆ ನಮ್ಮ ಇಂಜಿನಿಯರ್ ಮನೆ ನೋಡುತ್ತಾರೆ, ದೊಡ್ಡ ದೋಷ ಕಂಡರೆ ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಬೇಕು, ಇಲ್ಲವೇ ಸಂಚಕಾರ ಪೂರ್ತಿ ಹಿಂದಿರುಗಿಸಬೇಕು ಎಂದು. ಇದನ್ನು ಕೇಳಿದರೆ ವ್ಯವಹಾರ ಮುರಿದೀತು ಎಂದು ದಲ್ಲಾಳಿ ಹೆದರಿಸುತ್ತಾನೆ. ದೋಷವಿಲ್ಲದ ಮನೆಯ ಮಾಲೀಕರು ಈ ಸಾಲಿಗೆ ಬೇಡವೆನ್ನಲು ಕಾರಣವೇನಿದೆ?

ನಮ್ಮ ಆ ಸಂಬಂಧಿಕರು ಏನು ಮಾಡಿದರು ಎಂದು ನೀವು ಕೇಳಬಹುದು. ಮಾರಿದವರು ಫೋನ್ ಎತ್ತಲಿಲ್ಲ. ಕೋರ್ಟಿಗೆ ಅಲೆಯುವ ಶಕ್ತಿ ಇವರಿಗಿರಲಿಲ್ಲ. ಇಂಜಿನಿಯರೊಬ್ಬರು ಬಂದು ನೋಡಿ, ಹಿತ್ತಲ ನಲ್ಲಿಯ ಪೈಪ್ ನೆಲದೊಳಗೆ ಸೋರುತ್ತಿದ್ದುದನ್ನು ಪತ್ತೆ ಮಾಡಿ ಅದನ್ನು ಬದಲಾಯಿಸಿದರು. ಗೋಡೆಗೆ ತಾಗಿ ಬೆಳೆದಿದ್ದ ಮರವನ್ನು ತೆಗೆಸಿದರು. ಮನೆಯ ಸುತ್ತ ನಾಲ್ಕು ಅಡಿ ಅಗಲಕ್ಕೆ ಮಣ್ಣು ತೆಗೆದು ಗರಸು ತುಂಬಿ, ನೀರು ಹೊರಗೆ ಹರಿಯುವಂತೆ ಇಳಿಜಾರಿನ ಕಾಂಕ್ರೀಟ್ ಹಾಕಿಸಿದರು. ಬಿರುಕನ್ನು ಮಾತ್ರ ಕೂಡಲೇ ಮುಚ್ಚಲು ಬಿಡಲಿಲ್ಲ. ಅದರ ಎರಡೂ ಅಂಚಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಪ್ರತಿ ತಿಂಗಳು ಅಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ, ಎರಡು ಬೇಸಿಗೆ ಕಳೆಯಲಿ ಎಂದರು. ಮಲಗುವ ಕೋಣೆಯ ಗೋಡೆಯ ಮೇಲೆ ಆಕೆಯ ಸಣ್ಣ ಅಕ್ಷರಗಳಲ್ಲಿ ಆ ಪಟ್ಟಿ ಇದೆ. ಎರಡನೆಯ ಮೇ ತಿಂಗಳಲ್ಲಿ ಬಿರುಕು ಮೊದಲಿನ ಅರ್ಧದಷ್ಟೂ ತೆರೆಯಲಿಲ್ಲ.